ಲಿವರ್ ಕೊಬ್ಬು, ಮೈಸೂರಿನ ವಿಜ್ಞಾನಿ ಮತ್ತು ನನ್ನ ಜೋಳದ ಪ್ಯಾಕೆಟ್

ಈ ವಾರ ಗೊಬ್ಬರ, ಕೀಟ, ಮಾರ್ಕೆಟ್ ರೇಟು ಯಾವುದೂ ಇಲ್ಲ. ಈ ವಾರ ನಮ್ಮ ಲಿವರ್ ಬಗ್ಗೆ ಮಾತಾಡೋಣ. ಬೆಳೆಗೆ ಏನಾಗಿದೆ ಅಂತ ಎಲೆ ತಿರುಗಿಸಿ ನೋಡೋ ನಾವು, ನಮ್ಮ ಹೊಟ್ಟೆಯೊಳಗೆ ಏನಾಗಿದೆ ಅಂತ ನೋಡೋದೇ ಇಲ್ಲ. ನಾನೂ ನೋಡಿರಲಿಲ್ಲ.

ಎರಡು ತಿಂಗಳ ಹಿಂದೆ ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಭಾರ ಅನ್ನಿಸುತ್ತಿತ್ತು. ಕಲ್ಲು ಆಗಿರಬೇಕು ಅಂದುಕೊಂಡು ಹೊನವಾಡದಿಂದ ವಿಜಯಪುರಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ಕಲ್ಲು ಇರಲಿಲ್ಲ. ರಿಪೋರ್ಟಿನಲ್ಲಿ ಬರೆದಿದ್ದು "ಗ್ರೇಡ್ 1 ಫ್ಯಾಟಿ ಲಿವರ್". ಮನೆಗೆ ಬಂದು ಹೇಳಿದರೆ ಅವ್ವ ಗಾಬರಿಯಾದಳು. "ಅಲ್ಲೋ, ನೀ ಕುಡಿಯಂಗಿಲ್ಲ, ಬೀಡಿ ಸೇದಂಗಿಲ್ಲ, ಔಷಧ ಹೊಡೆದ ಕಾಯಿಪಲ್ಲೆ ಸೈತ ತಿನ್ನಂಗಿಲ್ಲ. ನಿನಗ್ಯಾಕ ಬಂತು ಇದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ವಾರ ಇನ್ನೊಂದು ಫೋನ್ ಬಂತು. ನನ್ನ ಸಾವಯವ ಜೋಳದ ಹಿಟ್ಟನ್ನು ಬೆಂಗಳೂರಿನಲ್ಲಿ ಮಾರಿಕೊಡ್ತೀನಿ ಅಂತ ಮುಂದೆ ಬಂದಿದ್ದ ಒಬ್ಬ ಹುಡುಗ. "ಅಣ್ಣಾ, ಪ್ಯಾಕೆಟ್ ಮ್ಯಾಲ ಒಂದು ಲೈನ್ ಹಾಕೋಣು. ಸಾವಯವ ಜೋಳದಾಗಿನ ಮೈಕ್ರೋಆರ್‌ಎನ್‌ಎ ಲಿವರ್ ಕೊಬ್ಬು ಕರಗಸ್ತದ ಅಂತ. ನೊಬೆಲ್ ಬಂದದ ಅದಕ್ಕ. ಕೆಜಿಗೆ ನಲವತ್ತು ರೂಪಾಯಿ ಜಾಸ್ತಿ ಸಿಗ್ತದ." ನಾನು ಇಲ್ಲ ಅನ್ನಲಿಲ್ಲ. ಎರಡು ದಿನ ಟೈಮ್ ಕೊಡಪಾ ಅಂದೆ. ನಲವತ್ತು ರೂಪಾಯಿ ಅಂದರೆ ಕ್ವಿಂಟಲಿಗೆ ನಾಲ್ಕು ಸಾವಿರ. ಮಳೆ ಕೈಕೊಟ್ಟ ವರ್ಷ ಅದು ಸಣ್ಣ ದುಡ್ಡಲ್ಲ.

ಎರಡು ದಿನ ಎರಡು ವಾರ ಆಯಿತು. ಆ ಎರಡು ವಾರದಲ್ಲಿ ಓದಿದ್ದನ್ನು ನಿಮ್ಮ ಮುಂದೆ ಇಡ್ತಿದ್ದೀನಿ. ಓದುತ್ತಾ ಹೋದಾಗ ದಾರಿ ನಮ್ಮ ರಾಜ್ಯದ ಮೈಸೂರಿಗೇ ಬಂದು ಮುಟ್ಟಿತು.

ಲಿವರಿಗೂ ಕೊಬ್ಬಿಗೂ ಏನು ಸಂಬಂಧ?

ಲಿವರ್ ಅಂದರೆ ನಮ್ಮ ದೇಹದ ಗೋದಾಮು. ತಿಂದದ್ದರಲ್ಲಿ ಹೆಚ್ಚಾದ ಸಕ್ಕರೆಯನ್ನು ಕೊಬ್ಬು ಮಾಡುತ್ತದೆ, ಸ್ವಲ್ಪ ಸುಡುತ್ತದೆ, ಉಳಿದದ್ದನ್ನು ಪ್ಯಾಕ್ ಮಾಡಿ ರಕ್ತದ ಮೂಲಕ ಹೊರಗೆ ಕಳಿಸುತ್ತದೆ. ಬರೋದು ಹೆಚ್ಚಾಗಿ, ಹೋಗೋದು ಕಡಿಮೆಯಾದರೆ ಮಾಲು ಗೋದಾಮಿನಲ್ಲೇ ಉಳಿಯುತ್ತದೆ. ಲಿವರಿನ ತೂಕದಲ್ಲಿ 5 ಶೇಕಡಾಕ್ಕಿಂತ ಹೆಚ್ಚು ಕೊಬ್ಬು ಕೂತರೆ ಅದೇ ಫ್ಯಾಟಿ ಲಿವರ್.

ಹೈನುಗಾರಿಕೆ ಮಾಡುವವರಿಗೆ ಇದು ಹೊಸದಲ್ಲ. ಗಬ್ಬದ ಕೊನೆಯಲ್ಲಿ ಮೈದುಂಬಿದ ಜರ್ಸಿ ಆಕಳು ಕರು ಹಾಕಿದ ಮೇಲೆ ಮೇವು ಬಿಡುತ್ತದೆ, ಹಾಲಿಗೆ ಬೇಕಾದ ಶಕ್ತಿಗೆ ಮೈಯ ಕೊಬ್ಬು ಕರಗಿ ಲಿವರಿಗೆ ಹೋಗಿ ತುಂಬುತ್ತದೆ, ಆಕಳು ಕಂಗಾಲಾಗುತ್ತದೆ. ದನಗಳ ಡಾಕ್ಟರು ಕಿಟೋಸಿಸ್ ಅಂದಾಗ ಅದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಮನುಷ್ಯರಲ್ಲಿ ದಾರಿ ಬೇರೆ, ತುಂಬೋ ಗೋದಾಮು ಅದೇ.

ಮನುಷ್ಯರಲ್ಲಿ ಇದು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಕೆಲವರಿಗೆ ಕೊಬ್ಬಿನ ಜೊತೆ ಉರಿಯೂತ ಶುರುವಾಗುತ್ತದೆ, ಆಮೇಲೆ ಲಿವರ್ ಗಟ್ಟಿಯಾಗುತ್ತದೆ, ಅದೇ ಸಿರೋಸಿಸ್. ಕೆಲವರಿಗೆ ಕ್ಯಾನ್ಸರ್ ತನಕ ಹೋಗುತ್ತದೆ. ದೆಹಲಿಯ ಏಮ್ಸ್ ತಜ್ಞರು ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು 38 ಶೇಕಡಾ ಜನಕ್ಕೆ, ಕುಡಿತಕ್ಕೆ ಸಂಬಂಧವಿಲ್ಲದ ಈ ಫ್ಯಾಟಿ ಲಿವರ್ ಇದೆ. ಕಟ್ಟೆ ಮೇಲೆ ಹತ್ತು ಮಂದಿ ಕೂತಿದ್ದರೆ ಮೂರು ನಾಲ್ಕು ಮಂದಿ ಅಂತ ಇಟ್ಟುಕೊಳ್ಳಿ. 2021ರಲ್ಲಿ ಕೇಂದ್ರ ಸರ್ಕಾರ ಈ ರೋಗವನ್ನು ಸಕ್ಕರೆ ಕಾಯಿಲೆ, ಹೃದಯ ರೋಗ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು.

ಹಾಲಿನ ಫಾರ್ಮಿನ ಹುಡುಗ ಕಂಡುಹಿಡಿದ ಚೀಟಿ

ಈಗ ಮೈಕ್ರೋಆರ್‌ಎನ್‌ಎ ವಿಷಯಕ್ಕೆ ಬರೋಣ. ಹೆಸರು ಕೇಳಿ ಹೆದರಬೇಡಿ, ಪಹಣಿ ಗೊತ್ತಿದ್ದವರಿಗೆ ಇದು ಅರ್ಥ ಆಗುತ್ತದೆ.

ನಮ್ಮ ಪ್ರತಿ ಜೀವಕೋಶದಲ್ಲಿ ಡಿಎನ್‌ಎ ಅನ್ನೋ ಮೂಲ ದಾಖಲೆ ಇದೆ. ತಾಲೂಕು ಕಚೇರಿಯ ದಾಖಲೆ ಇದ್ದಂಗೆ, ಅದನ್ನು ಯಾರೂ ಹೊರಗೆ ಒಯ್ಯೋದಿಲ್ಲ. ಕೆಲಸ ಆಗಬೇಕಾದರೆ ಅದರ ಒಂದು ಉತಾರ ತೆಗೆಯುತ್ತಾರೆ, ಅದಕ್ಕೆ ಮೆಸೆಂಜರ್ ಆರ್‌ಎನ್‌ಎ ಅಂತ ಹೆಸರು. ಆ ಉತಾರ ಓದಿ ಕೋಶವು ಪ್ರೋಟೀನ್ ತಯಾರಿಸುತ್ತದೆ. ಬ್ಯಾಂಕಿನವರು ಉತಾರ ನೋಡಿ ಸಾಲ ಕೊಟ್ಟಂಗೆ.

ಮೈಕ್ರೋಆರ್‌ಎನ್‌ಎ ಅಂದರೆ ಒಂದು ಸಣ್ಣ ಚೀಟಿ. ಬರೀ 22 ಅಕ್ಷರದಷ್ಟು ಉದ್ದ. ಅದರಲ್ಲಿ ಒಂದು ಸರ್ವೆ ನಂಬರ್ ಇದೆ ಅಂದುಕೊಳ್ಳಿ. ಕೋಶದೊಳಗೆ ರಿಸ್ಕ್ ಅನ್ನೋ ಯಂತ್ರ ಇದೆ. ಅದು ಚೀಟಿ ಹಿಡಿದುಕೊಂಡು ತಿರುಗುತ್ತದೆ. ಚೀಟಿಯ ನಂಬರಿಗೆ ಹೊಂದುವ ಉತಾರ ಸಿಕ್ಕರೆ ಅದನ್ನು ತಡೆಯುತ್ತದೆ ಅಥವಾ ಹರಿದು ಹಾಕುತ್ತದೆ. ಮೂಲ ದಾಖಲೆಗೆ ಏನೂ ಆಗೋದಿಲ್ಲ, ಆ ಕೆಲಸ ಮಾತ್ರ ಕಡಿಮೆ ಆಗುತ್ತದೆ. ಪೂರ್ತಿ ಬಂದ್ ಅಲ್ಲ. ಡ್ರಿಪ್ಪಿನ ವಾಲ್ವ್ ಅರ್ಧ ತಿರುವಿದಂಗೆ.

ಇದನ್ನು ಮೊದಲು ಕಂಡವರು ಅಮೆರಿಕದ ವಿಕ್ಟರ್ ಆಂಬ್ರೋಸ್. ಇವರು ಬೆಳೆದದ್ದು ವರ್ಮಾಂಟ್ ರಾಜ್ಯದ ಒಂದು ಸಣ್ಣ ಹಾಲಿನ ಫಾರ್ಮಿನಲ್ಲಿ. 1993ರಲ್ಲಿ ರೊಸಾಲಿಂಡ್ ಲೀ, ರೋಂಡಾ ಫೈನ್‌ಬಾಮ್ ಜೊತೆ ಸೇರಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಮೊದಲ ಮೈಕ್ರೋಆರ್‌ಎನ್‌ಎ ತೋರಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಅದೇ ವರ್ಷ ಗ್ಯಾರಿ ರುವ್ಕುನ್ ತೋರಿಸಿದರು. ಇದು ಹುಳದ ಕಥೆ, ನಮಗ್ಯಾಕೆ ಅಂತ ಆಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2000ರಲ್ಲಿ ರುವ್ಕುನ್ ತಂಡ ಮನುಷ್ಯರಲ್ಲೂ ಇರುವ ಇನ್ನೊಂದನ್ನು ಕಂಡುಹಿಡಿದ ಮೇಲೆ ಲೋಕ ತಿರುಗಿ ನೋಡಿತು. 2024ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ಫೋನ್ ಮಾಡಿದ ಹುಡುಗ ಹೇಳಿದ ನೊಬೆಲ್ ಇದೇ. ಬಂದದ್ದು ಚೀಟಿ ಕಂಡುಹಿಡಿದದ್ದಕ್ಕೆ, ಜೋಳದ ಹಿಟ್ಟಿಗಲ್ಲ.

ಲಿವರಿನಲ್ಲಿ ಚೀಟಿಯ ಕೆಲಸ

ನಮ್ಮ ಲಿವರಿನಲ್ಲಿ ಒಂದೇ ಒಂದು ಚೀಟಿ ರಾಶಿಗಟ್ಟಲೆ ಇದೆ, ಹೆಸರು ಮಿರ್-122. ಲಿವರಿನ ಒಟ್ಟು ಮೈಕ್ರೋಆರ್‌ಎನ್‌ಎಗಳಲ್ಲಿ ಸುಮಾರು 70 ಶೇಕಡಾ ಇದೇ. 2006ರಲ್ಲಿ ಅಮೆರಿಕದ ಒಂದು ತಂಡ ಇಲಿಗಳಲ್ಲಿ ಇದನ್ನು ಕೆಲವು ವಾರ ತಡೆದು ನೋಡಿತು. ರಕ್ತದ ಕೊಲೆಸ್ಟ್ರಾಲ್ ಇಳಿಯಿತು, ಲಿವರಿನ ಕೊಬ್ಬೂ ಇಳಿಯಿತು. ಎಲ್ಲರಿಗೂ ಖುಷಿ. ಸಿಕ್ಕಿತು ಔಷಧಿ!

ಆದರೆ 2012ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕಲ್ಪನಾ ಘೋಷಾಲ್ ಅವರ ತಂಡ ಮತ್ತು ತೈವಾನಿನ ಇನ್ನೊಂದು ತಂಡ ಬೇರೆ ರೀತಿ ಪ್ರಯೋಗ ಮಾಡಿದವು. ಇಲಿಗಳ ವಂಶದಿಂದಲೇ ಮಿರ್-122 ತೆಗೆದುಹಾಕಿದರು. ಆ ಇಲಿಗಳಿಗೆ ಫ್ಯಾಟಿ ಲಿವರ್ ಬಂತು, ಉರಿಯೂತ ಬಂತು, ವಯಸ್ಸಾಗುತ್ತಾ ಲಿವರ್ ಕ್ಯಾನ್ಸರೇ ಬಂತು. ಕೆಲವು ವಾರ ತಡೆದರೆ ಲಾಭ, ಪೂರ್ತಿ ಇಲ್ಲದಂಗೆ ಮಾಡಿದರೆ ಅನಾಹುತ.

ಇನ್ನೊಂದು ಚೀಟಿ ಮಿರ್-33. ಕೊಲೆಸ್ಟ್ರಾಲ್ ತಯಾರಿಸುವ ಜೀನುಗಳನ್ನು ಚಾಲೂ ಮಾಡುವ ಒಂದು ಜೀನಿನ ಹೊಟ್ಟೆಯೊಳಗೇ ಇದು ಕೂತಿದೆ ಅಂತ 2010ರಲ್ಲಿ ಎರಡು ತಂಡಗಳು ತೋರಿಸಿದವು. ಆ ಜೀನ್ ಚಾಲೂ ಆದಾಗ ಇದೂ ಹೊರಬರುತ್ತದೆ, ಕೋಶದಿಂದ ಕೊಲೆಸ್ಟ್ರಾಲ್ ಹೊರಹೋಗುವ ಬಾಗಿಲನ್ನು ಕಿರಿದು ಮಾಡುತ್ತದೆ, ಕೊಬ್ಬು ಸುಡುವುದನ್ನೂ ಕಡಿಮೆ ಮಾಡುತ್ತದೆ. ಮೋಟರ್ ಚಾಲೂ ಮಾಡೋ ಸ್ವಿಚ್ಚೇ ಟಾಕಿಯ ಹೊರಗಿನ ನಲ್ಲಿಯನ್ನೂ ಮುಚ್ಚಿದಂಗೆ. ಹೊಟ್ಟೆಗಿಲ್ಲದ ಕಾಲದಲ್ಲಿ ಇದ್ದದ್ದನ್ನು ಉಳಿಸಿಕೊಳ್ಳಲು ಒಳ್ಳೆ ಏರ್ಪಾಡು. ದಿನಕ್ಕೆ ಆರು ಸಲ ತಿನ್ನುವ ಕಾಲಕ್ಕೆ ಅಲ್ಲ. ಹಾಗಾದರೆ ಮಿರ್-33 ತೆಗೆದುಬಿಟ್ಟರೆ? ಕ್ಯೋಟೋದ ವಿಜ್ಞಾನಿಗಳು ತೆಗೆದು ನೋಡಿದರು. 2013ರಲ್ಲಿ ಅವರು ಬರೆದದ್ದು: ಆ ಇಲಿಗಳು ದಪ್ಪಗಾದವು, ಲಿವರಿನಲ್ಲಿ ಕೊಬ್ಬು ಕೂತಿತು.

ತೋಟಗಾರಿಕೆ ಓದಿದ ನನಗೆ ಇಲ್ಲಿ ದ್ರಾಕ್ಷಿಗೆ ಕೊಡೋ ಬೋರಾನ್ ನೆನಪಾಯಿತು. ಕಡಿಮೆಯಾದರೆ ಕಾಯಿ ಕಚ್ಚೋದಿಲ್ಲ, ಜಾಸ್ತಿಯಾದರೆ ಎಲೆ ಅಂಚು ಸುಡುತ್ತದೆ. ಇದು ಒಳ್ಳೇದು, ಅದು ಕೆಟ್ಟದ್ದು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಎಷ್ಟು, ಎಲ್ಲಿ, ಎಷ್ಟು ದಿನ ಅನ್ನೋದೇ ಲೆಕ್ಕ.

ಮೈಸೂರಿನ ಪ್ರಸನ್ನಕುಮಾರ್ ಸಂತೆಕಡೂರು

ಉತಾರ ಹರಿಯುವ ಯಂತ್ರ ಅಂದೆನಲ್ಲ, ರಿಸ್ಕ್? ಆ ಯಂತ್ರದ ಮೇಲೆ ಕೆಲಸ ಮಾಡಿದ ವಿಜ್ಞಾನಿ ಮೈಸೂರಿನಲ್ಲಿದ್ದಾರೆ. ಹೆಸರು ಡಾ. ಪ್ರಸನ್ನಕುಮಾರ್ ಸಂತೆಕಡೂರು, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದವರು. ನಾನು ಅವರನ್ನು ಭೇಟಿಯಾಗಿಲ್ಲ. ಅವರು ಪ್ರಕಟಿಸಿದ ಲೇಖನಗಳನ್ನು ಓದಿ ಬರೆಯುತ್ತಿದ್ದೇನೆ.

ಅವರು ಮೊದಲು ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದಲ್ಲಿ ದೇವಾನಂದ್ ಸರ್ಕಾರ್ ಅವರ ಪ್ರಯೋಗಾಲಯದಲ್ಲಿದ್ದರು. 2011ರಲ್ಲಿ ಆ ತಂಡ ಲಿವರ್ ಕ್ಯಾನ್ಸರಿನ ಬಗ್ಗೆ ಒಂದು ಲೇಖನ ಪ್ರಕಟಿಸಿತು. ಅವರು ಕಂಡದ್ದು ಇಷ್ಟು: ಆರೋಗ್ಯವಂತ ಲಿವರ್ ಕೋಶಕ್ಕಿಂತ ಕ್ಯಾನ್ಸರ್ ಕೋಶದಲ್ಲಿ ರಿಸ್ಕ್ ಯಂತ್ರ ಜೋರಾಗಿ ಓಡುತ್ತದೆ. ಯಂತ್ರದ ಎರಡು ಭಾಗಗಳು, ಎಸ್‌ಎನ್‌ಡಿ1 ಮತ್ತು ಎಇಜಿ-1 ಅನ್ನೋ ಪ್ರೋಟೀನುಗಳು, ಅಲ್ಲಿ ಜಾಸ್ತಿಯಾಗಿವೆ. ಜೋರಾಗಿ ಓಡುವ ಯಂತ್ರ ಯಾವ ಉತಾರ ಹರಿಯುತ್ತದೆ ಗೊತ್ತೇನು? ಕೋಶ ಅಡ್ಡಾದಿಡ್ಡಿ ಬೆಳೆಯದಂತೆ ಬ್ರೇಕ್ ಹಾಕುವ ಜೀನುಗಳ ಉತಾರಗಳನ್ನು. ಬ್ರೇಕ್ ಹೋದ ಗಾಡಿ ಏನಾಗುತ್ತದೋ ಕೋಶವೂ ಹಾಗೇ ಆಗುತ್ತದೆ. ಪ್ರಯೋಗಾಲಯದಲ್ಲಿ ಎಸ್‌ಎನ್‌ಡಿ1 ಕೆಲಸವನ್ನು ತಡೆದಾಗ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕಡಿಮೆಯಾಯಿತು.

ಆ ಮೇಲೆ ಅವರು ಮೈಸೂರಿಗೆ ಬಂದರು. ಅದೇ ಸಂಸ್ಥೆಯಲ್ಲಿ ಡಾ. ದಿವ್ಯಾ ಪಿ. ಕುಮಾರ್ ಫ್ಯಾಟಿ ಲಿವರಿನಿಂದ ಕ್ಯಾನ್ಸರ್ ತನಕದ ದಾರಿಯನ್ನು ಅಧ್ಯಯನ ಮಾಡುತ್ತಿದ್ದಾರೆ. ಇಬ್ಬರೂ ಸೇರಿ ರಿಸ್ಕ್ ಯಂತ್ರ ಮತ್ತು ಲಿವರ್ ಕ್ಯಾನ್ಸರ್ ಬಗ್ಗೆ 2020ರಲ್ಲಿ ವಿಮರ್ಶಾ ಲೇಖನ ಬರೆದಿದ್ದಾರೆ. ಅದಕ್ಕೂ ಮೊದಲು, 2018ರಲ್ಲಿ, ವರ್ಜೀನಿಯಾದ ಹೆಸರಾಂತ ಲಿವರ್ ತಜ್ಞ ಅರುಣ್ ಸನ್ಯಾಲ್ ಜೊತೆ ಇವರಿಬ್ಬರೂ ಬರೆದ ಇನ್ನೊಂದು ಲೇಖನ ಇದೆ. ಫ್ಯಾಟಿ ಲಿವರ್ ಅಧ್ಯಯನಕ್ಕೆ ಯಾವ ಪ್ರಾಣಿ, ಯಾವ ಆಹಾರ ಸರಿ ಅನ್ನೋದು ಅದರ ವಿಷಯ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಆಹಾರದ ವಿಷಯವೇ. ಸನ್ಯಾಲ್ ತಂಡ 2016ರಲ್ಲಿ ಒಂದು ಜಾತಿಯ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟು, ಕುಡಿಯಲು ಸಕ್ಕರೆ ನೀರು ಇಟ್ಟಿತು. ಎರಡು ತಿಂಗಳೊಳಗೆ ಫ್ಯಾಟಿ ಲಿವರ್. ಆರು ತಿಂಗಳೊಳಗೆ ಉರಿಯೂತ. ಒಂದು ವರ್ಷದೊಳಗೆ ಹೆಚ್ಚಿನ ಇಲಿಗಳಿಗೆ ಲಿವರ್ ಗೆಡ್ಡೆ. ಆ ನೀರಿನಲ್ಲಿ ಲೀಟರಿಗೆ ಇದ್ದ ಸಕ್ಕರೆ, ಫ್ರಕ್ಟೋಸ್ ಮತ್ತು ಗ್ಲೂಕೋಸ್ ಕೂಡಿ, 42 ಗ್ರಾಂ. ನಮ್ಮ ಅಂಗಡಿಯಲ್ಲಿ ಸಿಗೋ ಸಾಮಾನ್ಯ ಕೋಲಾದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಇರುತ್ತದೆ. ಇಲಿ ಇಡೀ ದಿನ ಅದನ್ನೇ ಕುಡಿಯಿತು, ಜೊತೆಗೆ ಕೊಬ್ಬಿನ ಆಹಾರ ಇತ್ತು, ಇಲಿ ಮನುಷ್ಯನೂ ಅಲ್ಲ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ನನಗೆ ನನ್ನ ಬೇಸಿಗೆಯ ದಿನಗಳು ಕಣ್ಣ ಮುಂದೆ ಬಂದವು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತಿಕೋಟಾ ಕಡೆ ದ್ರಾಕ್ಷಿ ಒಣಗಿಸೋ ಶೆಡ್ಡುಗಳಿಗೆ ಓಡಾಡುವಾಗ ದಿನಕ್ಕೆ ಎರಡು ತಂಪು ಬಾಟಲಿ. ಹೋದ ಹೋದಲ್ಲಿ ಸಕ್ಕರೆ ಸುರಿದ ಚಹಾ, ಐದಾರು ಸಲ. ಶೆಡ್ಡಿನಲ್ಲಿ ಮಾತಾಡುತ್ತಾ ಮುಷ್ಟಿಗಟ್ಟಲೆ ಮಣೂಕ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 60 ಗ್ರಾಂ ಸಕ್ಕರೆಯೇ ಇದೆ. ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಹಾಗಾದರೆ ಜೋಳದ ಮೈಕ್ರೋಆರ್‌ಎನ್‌ಎ?

ಗಿಡಗಳಲ್ಲೂ ಮೈಕ್ರೋಆರ್‌ಎನ್‌ಎ ಇದೆ, ಅದು ನಿಜ. ತಿಂದ ಗಿಡದ ಚೀಟಿ ನಮ್ಮ ಲಿವರಿನಲ್ಲಿ ಕೆಲಸ ಮಾಡುತ್ತದೆಯೇ ಅನ್ನೋದು ಬೇರೆ ಪ್ರಶ್ನೆ. ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದ ಒಂದು ತಂಡ 2011ರಲ್ಲಿ ಹೌದು ಅಂದಿತು. ಅಕ್ಕಿಯ ಮಿರ್-168ಎ ಜನರ ರಕ್ತದಲ್ಲಿ ಸಿಕ್ಕಿತು, ಇಲಿಯ ಲಿವರಿನಲ್ಲಿ ಕೆಲಸವನ್ನೂ ಮಾಡಿತು ಅಂತ ಬರೆದರು. ಜಗತ್ತೆಲ್ಲ ಸುದ್ದಿಯಾಯಿತು. ಒಂದು ಮಾತು ಗಮನಿಸಿ: ಅವರೇ ಹೇಳಿದ್ದು ಅದರಿಂದ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ ಅಂತ, ಇಳಿಯುತ್ತದೆ ಅಂತ ಅಲ್ಲ!

2013ರಲ್ಲಿ ಬೇರೆಯವರು ಅದೇ ಪ್ರಯೋಗ ಮಾಡಿದರು. ಅಕ್ಕಿಯ ಚೀಟಿ ಇಲಿಯ ರಕ್ತದಲ್ಲೂ ಲಿವರಿನಲ್ಲೂ ಲೆಕ್ಕಕ್ಕೆ ಬರುವಷ್ಟು ಸಿಗಲಿಲ್ಲ. ಬರೀ ಅಕ್ಕಿ ತಿಂದು ಪೋಷಣೆ ಏರುಪೇರಾದ್ದರಿಂದ ಕೊಲೆಸ್ಟ್ರಾಲ್ ಬದಲಾಗಿದೆ ಅಂದರು. ಆ ಲೇಖಕರಲ್ಲಿ ಮಾನ್ಸಾಂಟೊ ಕಂಪನಿಯ ವಿಜ್ಞಾನಿಗಳಿದ್ದರು. ಸಾವಯವದವನಾದ ನನಗೆ ಅದನ್ನು ನೋಡಿದ ಕೂಡಲೇ ಅನುಮಾನ ಬಂತು. ಆದರೆ ಕಂಪನಿಗೆ ಸಂಬಂಧವಿಲ್ಲದ ವಿಶ್ವವಿದ್ಯಾಲಯಗಳ ತಂಡಗಳೂ ಅದೇ ವರ್ಷ ಇಲಿ, ಕೋತಿಗಳಲ್ಲಿ ನೋಡಿ ಹೆಚ್ಚುಕಡಿಮೆ ಅದನ್ನೇ ಹೇಳಿದವು: ಊಟದಿಂದ ಒಳಗೆ ಹೋಗುವ ಪ್ರಮಾಣ ನಗಣ್ಯ. ನನಗೆ ಬೇಡವಾದವರು ಹೇಳಿದರು ಅಂದ ಮಾತ್ರಕ್ಕೆ ಸತ್ಯ ಸುಳ್ಳಾಗೋದಿಲ್ಲ.

ಔಷಧಿ ವಿಷಯವೂ ಹೇಳಿಬಿಡ್ತೀನಿ. ಫ್ಯಾಟಿ ಲಿವರಿಗೆ ಮೈಕ್ರೋಆರ್‌ಎನ್‌ಎ ಆಧಾರಿತ ಒಂದು ಔಷಧಿಯೂ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಅದರ ದಾಯಾದಿಯಂಥ ಇನ್ನೊಂದು ಸಣ್ಣ ಆರ್‌ಎನ್‌ಎ, ಇನ್‌ಕ್ಲಿಸಿರಾನ್, ಕೊಲೆಸ್ಟ್ರಾಲಿಗೆ ಇಂಜೆಕ್ಷನ್ ಆಗಿ ಬಂದಿದೆ. ಅದೂ ಲಿವರಿನ ರಿಸ್ಕ್ ಯಂತ್ರವನ್ನೇ ಬಳಸುತ್ತದೆ. ಅಲ್ಲಿ ಆರ್‌ಎನ್‌ಎಗೆ ರಾಸಾಯನಿಕ ಕವಚ ತೊಡಿಸಿ, ಲಿವರಿಗೇ ಹೋಗುವಂತೆ ವಿಳಾಸ ಅಂಟಿಸಿ, ಚರ್ಮದ ಕೆಳಗೆ ಚುಚ್ಚುತ್ತಾರೆ. ಅಷ್ಟು ಮಾಡಿದರೆ ಮಾತ್ರ ತಲುಪುವ ವಸ್ತು, ಹಂಚಿನ ಮೇಲೆ ಬೆಂದ ರೊಟ್ಟಿಯಿಂದ ತಲುಪುತ್ತದೆ ಅಂತ ನಾನು ಹೇಗೆ ಬರೆಯಲಿ?

ನಾವು ಮಾಡಬಹುದಾದದ್ದು

ಡಾಕ್ಟರು ನನಗೆ ಹೇಳಿದ್ದು, ನಾನು ಓದಿ ಖಾತ್ರಿ ಮಾಡಿಕೊಂಡದ್ದು ಇಷ್ಟು:

1. ತೂಕ ಹೆಚ್ಚಿದ್ದವರು 5 ಶೇಕಡಾ ಇಳಿಸಿದರೆ ಲಿವರಿನ ಕೊಬ್ಬು ಇಳಿಯಲು ಶುರು. 7ರಿಂದ 10 ಶೇಕಡಾ ಇಳಿಸಿದರೆ ಹೆಚ್ಚಿನವರಲ್ಲಿ ಉರಿಯೂತವೂ ಇಳಿಯುತ್ತದೆ. 80 ಕೆಜಿ ಇದ್ದವರಿಗೆ ಆರರಿಂದ ಎಂಟು ಕೆಜಿ. ಒಂದೇ ತಿಂಗಳಲ್ಲಿ ಅಲ್ಲ, ನಿಧಾನಕ್ಕೆ. ಉಪವಾಸ ಬಿದ್ದು ಗಬಕ್ಕನೆ ಇಳಿಸಿದರೆ ಲಿವರಿಗೇ ತೊಂದರೆ.

2. ಸಿಹಿ ಕುಡಿಯೋದನ್ನು ಮೊದಲು ಬಿಡಿ. ತಂಪು ಬಾಟಲಿ, ಪ್ಯಾಕೆಟ್ ಜ್ಯೂಸ್ ಎರಡೂ. ಚಹಾ ಎರಡು ಸಲಕ್ಕೆ ಇಳಿಸಿ, ಸಕ್ಕರೆ ಅರ್ಧ ಚಮಚೆ. ಬೆಲ್ಲ ಹಾಕಿದರೂ ಲಿವರಿಗೆ ಅದು ಸಕ್ಕರೆಯೇ. ಬಿಸಿಲಿಗೆ ಮಜ್ಜಿಗೆ ಇದೆಯಲ್ಲ.

3. ಹೊಲಕ್ಕೆ ಹೋಗೋದೇ ವ್ಯಾಯಾಮ ಅಂದುಕೊಳ್ಳಬೇಡಿ. ಅಪ್ಪನ ಕಾಲದಲ್ಲಿ ನಿಜ. ನಾವು ಬೈಕ್ ಮೇಲೆ ಹೋಗಿ, ಮೊಬೈಲಿನಿಂದ ಮೋಟರ್ ಚಾಲೂ ಮಾಡಿ, ಟ್ರ್ಯಾಕ್ಟರ್ ಮೇಲೆ ಕೂರುತ್ತೇವೆ. ದಿನಾ ಅರ್ಧ ಗಂಟೆಗೂ ಹೆಚ್ಚು ಚುರುಕಾಗಿ ನಡೆಯಿರಿ. ಬದು ಸುತ್ತಿದರೂ ಆಯಿತು, ಬೆಳೆಯೂ ನೋಡಿದಂಗಾಗುತ್ತದೆ.

4. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರು, ಸ್ಕ್ಯಾನಿಂಗಿನಲ್ಲಿ ಕೊಬ್ಬು ಕಂಡವರು ರಕ್ತ ಪರೀಕ್ಷೆ ಮಾಡಿಸಿ. ಲಿವರ್ ಗಟ್ಟಿಯಾಗಿದೆಯೇ ಅಂತ ಡಾಕ್ಟರನ್ನು ಕೇಳಿ, ಅದನ್ನು ನೋಡಲು ಫೈಬ್ರೋಸ್ಕ್ಯಾನ್ ಇದೆ. ಕುಡಿಯುವವರು ಪೂರ್ತಿ ಬಿಡಿ.

5. "ಲಿವರ್ ಶುದ್ಧಿ" ಪುಡಿ, ಟಾನಿಕ್ ಅಂತ ವಾಟ್ಸ್ಯಾಪಿನಲ್ಲಿ ಬಂದದ್ದನ್ನೆಲ್ಲ ನುಂಗಬೇಡಿ. ಗಿಡಮೂಲಿಕೆಯೂ ಲಿವರಿಗೆ ಪೆಟ್ಟು ಕೊಟ್ಟ ಉದಾಹರಣೆಗಳಿವೆ. ಏನೇ ತಗೊಂಡರೂ ಡಾಕ್ಟರಿಗೆ ಮುಚ್ಚಿಡಬೇಡಿ.

ಪ್ಯಾಕೆಟ್ ಮೇಲೆ ಕೊನೆಗೆ ಹಾಕಿದ್ದು

ಆ ಹುಡುಗನಿಗೆ ಫೋನ್ ಮಾಡಿ ಹೇಳಿದೆ, "ತಮ್ಮಾ, ಆ ಲೈನ್ ಬ್ಯಾಡ." ಆಹಾರದ ಪ್ಯಾಕೆಟ್ ಮೇಲೆ ರೋಗ ವಾಸಿ ಮಾಡುತ್ತದೆ ಅಂತ ಬರೆಯೋದು ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳ ಪ್ರಕಾರ ತಪ್ಪು, ಅದು ಒಂದು. ನನಗೆ ಹೆಚ್ಚು ಕಾಡಿದ್ದು ಇನ್ನೊಂದು. ನನ್ನಂಗೇ ರಿಪೋರ್ಟ್ ಹಿಡಿದುಕೊಂಡು ಕೂತ ಯಾರೋ ಒಬ್ಬರು ಆ ಲೈನ್ ನಂಬಿ, ರೊಟ್ಟಿ ತಿಂದರೆ ಸಾಕು ಅಂತ ಪರೀಕ್ಷೆ ಮಾಡಿಸದೆ ಕೂತರೆ? ಲಿವರ್ ಗಟ್ಟಿಯಾಗುವ ಸದ್ದು ಹೊರಗೆ ಕೇಳಿಸೋದಿಲ್ಲ.

ಜೋಳಕ್ಕೆ ಸುಳ್ಳು ಬೇಕಾಗಿಲ್ಲ ಗೆಳೆಯರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ನೋಡಿ: 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಹತ್ತಿರ ಹತ್ತಿರ 10 ಗ್ರಾಂ ಪ್ರೋಟೀನ್. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಮುಟ್ಟೋದಿಲ್ಲ. ನಾರು ಹೊಟ್ಟೆ ತುಂಬಿಸುತ್ತದೆ, ಬೇಗ ಹಸಿವಾಗೋದಿಲ್ಲ, ಅದರಿಂದ ತೂಕ ಇಳಿಸಲು ಅನುಕೂಲ. ಹಾಗಂತ ಆರು ರೊಟ್ಟಿ ತಿಂದು ಮೇಲೆ ಹೋಳಿಗೆ ಹೊಡೆದರೆ ಜೋಳ ಏನೂ ಮಾಡೋದಿಲ್ಲ.

ಈಗ ಪ್ಯಾಕೆಟ್ ಮೇಲೆ ಇರೋದು ಊರಿನ ಹೆಸರು, ತಳಿ ಮಾಲದಂಡಿ, ಬೀಸಿದ ತಾರೀಖು, ನಾರು ಎಷ್ಟು, ಪ್ರೋಟೀನ್ ಎಷ್ಟು. ನಲವತ್ತು ರೂಪಾಯಿ ಹೆಚ್ಚು ಸಿಗಲಿಲ್ಲ, ಹನ್ನೆರಡು ಸಿಕ್ಕಿತು. ನನ್ನ ತೂಕ ಮೂರು ಕೆಜಿ ಇಳಿದಿದೆ, ಇನ್ನೂ ನಾಲ್ಕು ಬಾಕಿ. ಶೆಡ್ಡಿಗೆ ಹೋದಾಗ ಚಹಾ ಬೇಡ ಅಂದರೆ ಕಾಕಾ ಮಂದಿ ಬೇಜಾರು ಮಾಡಿಕೊಳ್ಳುತ್ತಾರೆ, ಅದೊಂದು ಕಷ್ಟ.

ಮುಂದಿನ ಸಲ ವಿಜಯಪುರಕ್ಕೆ ದಾಸ್ತಾನು ತರಲು ಹೋದಾಗ ನೀವೂ ತೂಕ, ಶುಗರ್ ನೋಡಿಸಿಕೊಂಡು ಬನ್ನಿ. ನಲವತ್ತು ದಾಟಿದ ಅಣ್ಣನನ್ನೂ ಕರಕೊಂಡು ಹೋಗಿ. ಮುಂದಿನ ವಾರ ಮತ್ತೆ ಮಣ್ಣಿಗೆ ಬರೋಣ.